ಆರು ಮಳೆಗಾಲ, ಮೂರು ಟಾಪು: ನನ್ನ ಮಿಲಿಟರಿ ಜಿಪ್ಸಿ

ಎಂಜಿನ್ನು, ಗೇರು, ಫೋರ್‌ವೀಲ್ ಬಗ್ಗೆ ಇಲ್ಲಿ ಹೆಚ್ಚೇನೂ ಸಿಗಲ್ಲ, ಮೊದಲೇ ಹೇಳಿಬಿಡ್ತೀನಿ. 1.3 ಲೀಟರ್ ಪೆಟ್ರೋಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗು ಅಂದಮೇಲೆ ಸೊಂಟದ ಗತಿ ಏನು ಅಂತ ಮಾರುತಿ ಜಿಪ್ಸಿ ಹತ್ತಿದವರಿಗೆ ಗೊತ್ತೇ ಇದೆ. ನನ್ನ ಜಗಳವೆಲ್ಲ ಟಾಪಿನ ಜೊತೆ, ಅಂದರೆ ಗಾಡಿಯ ಮೇಲಿನ ಬಟ್ಟೆಯ ಹೊದಿಕೆ ಜೊತೆ.

ಗಾಡಿ 2006ರದ್ದು, ನಾನು ತಗೊಂಡದ್ದು 2019ರಲ್ಲಿ. ಅದರ ಹಿಂದಿನ ವರ್ಷದ ಕೊನೆಗೆ ಹೊಸ ಜಿಪ್ಸಿ ಬುಕಿಂಗ್ ನಿಂತಿತ್ತು, ಸಕಲೇಶಪುರ ಕಡೆ ಹಳೇದಕ್ಕೇ ಪೈಪೋಟಿ. ಸೇನೆ ಕಂಡೆಮ್ ಮಾಡಿದ, ಅಂದರೆ ಇನ್ನು ಬೇಡ ಅಂತ ಕೈಬಿಟ್ಟ ಗಾಡಿಗಳು ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಲಾಟ್ ಲೆಕ್ಕದಲ್ಲಿ, ಹಲವು ಒಟ್ಟಿಗೇ ಹೋಗುತ್ತವೆ. ಒಂದೇ ಒಂದು ಬೇಕು ಅನ್ನುವ ನನ್ನಂಥವನಿಗೆ ಲಾಟ್ ಎತ್ತಿದ ಡೀಲರೇ ಗತಿ. ಗಾಡಿಗೆ 2.6 ಲಕ್ಷ, ತೆರಿಗೆ, ಬಣ್ಣ, ಟೈರು, ಓಡಾಟ ಸೇರಿ 4 ಲಕ್ಷ ದಾಟಿತು.

ಸೇನೆಯಲ್ಲಿರುವಷ್ಟು ದಿನ ಇವಕ್ಕೆ ಆರ್‌ಟಿಓ ನಂಬರು ಇರುವುದಿಲ್ಲ, ಮೇಲ್ಮುಖ ಬಾಣದ ಮಿಲಿಟರಿ ನಂಬರು ಮಾತ್ರ. ಹೊರಗೆ ಬಂದಮೇಲೆ ಹೊಸದಾಗಿ ನೋಂದಣಿ. ಹರಾಜಿನ ಕಾಗದ, ಡಿಪೋದ ರಿಲೀಸ್ ಆರ್ಡರು ಎರಡೂ ಇರಬೇಕು, ಚಾಸಿಸ್ ಮತ್ತು ಎಂಜಿನ್ ನಂಬರು ಒಂದಕ್ಷರ ತಪ್ಪದೆ ತಾಳೆಯಾಗಬೇಕು. ಸ್ಕ್ರ್ಯಾಪ್ ಅಂತ ಮಾರಿದ ಗಾಡಿ ಎಷ್ಟೇ ಚಂದ ಇರಲಿ, ಮುಟ್ಟಬೇಡಿ. ಆಲಿವ್ ಹಸಿರು ಬಣ್ಣವನ್ನು ಕೇಂದ್ರ ಮೋಟಾರು ವಾಹನ ನಿಯಮ ರಕ್ಷಣಾ ಇಲಾಖೆಗೆ ಮಾತ್ರ ಬಿಟ್ಟಿದೆ. ಹಾಗಾಗಿ ಆರ್‌ಟಿಓ ಇನ್‌ಸ್ಪೆಕ್ಟರಿಗೆ ತೋರಿಸುವ ಮೊದಲೇ ಬೂದು ಬಣ್ಣ ಹೊಡೆಸಿದೆ. ಬಾನೆಟ್ ಎತ್ತಿದರೆ ಒಳಗೆ ಇನ್ನೂ ಹಸಿರು.

ಈಗ ಟಾಪಿಗೆ ಬರ್ತೀನಿ. ಗಾಡಿ ಜೊತೆ ಬಂದಿದ್ದು ಬಿಸಿಲಲ್ಲಿ ಬೆಂದ ಕ್ಯಾನ್ವಾಸು. ಮೊದಲ ಜೂನ್‌ನಲ್ಲೇ ಹೊಲಿಗೆ ಬಿಟ್ಟಿತು. ನಮ್ಮೂರಿನ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಹೊಡೆಯುವುದೇ ಹೆಚ್ಚು. ದುಡ್ಡು ಉಳಿಸೋಣ ಅಂತ ಕುಶನ್ ಅಂಗಡಿಯಲ್ಲಿ ಅಗ್ಗದ ರೆಕ್ಸಿನ್ ಹೊಲಿಸಿದೆ, ತಪ್ಪು ನನ್ನದೇ. ಎರಡನೇ ವರ್ಷಕ್ಕೆ ಸೈಡ್ ಪರದೆಯ ಪ್ಲಾಸ್ಟಿಕ್ ಹಳದಿಯಾಗಿ, ಮಡಚಿದಲ್ಲೆಲ್ಲ ಸೀಳಿತು. ಗಾಜಿನ ಫ್ರೇಮಿಗೆ ಟಾಪಿನ ಅಂಚು ಸಿಕ್ಕಿಸುವ ಜಾಗದಿಂದ ಒಂದು ಹನಿ ಸರಿಯಾಗಿ ನನ್ನ ಬಲ ಮೊಣಕಾಲಿಗೇ ಬೀಳುತ್ತಿತ್ತು. ನಮ್ಮ ಮನೆಯವಳು ಪಕ್ಕದ ಸೀಟಲ್ಲಿ ಕೊಡೆ ಬಿಡಿಸಿ ಕೂತಿದ್ದಳು, ತಮಾಷೆಗಲ್ಲ.

ಎಲ್ಲರದ್ದೂ ಒಂದೇ ಸಲಹೆ: "ಹಾರ್ಡ್‌ಟಾಪ್ ಹಾಕ್ಸಿ ಮಾರಾಯ್ರೆ." ಬಟ್ಟೆ ಬದಲು ತಗಡಿನ ಗಟ್ಟಿ ಟಾಪು ಅದು. ವಿಚಾರಿಸಿದೆ. ಆರ್‌ಸಿಯಲ್ಲಿ ಸಾಫ್ಟ್ ಟಾಪ್ ಅಂತಲೇ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬೇಡಿ ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಡೀಸೆಲ್ ಎಂಜಿನ್ ಕೂರಿಸಿದ ಗೆಳೆಯರೂ ಇದ್ದಾರೆ, ಚೆಕ್‌ಪೋಸ್ಟ್ ಕಂಡರೆ ಅವರ ಮುಖ ನೋಡಬೇಕು. ಅಷ್ಟು ಕಷ್ಟಪಟ್ಟು ಮಾಡಿಸಿದ ಆರ್‌ಸಿಯನ್ನು ಒಂದು ತಗಡಿಗೋಸ್ಕರ ಪಣಕ್ಕಿಡುವ ಮನಸ್ಸಾಗಲಿಲ್ಲ.

ಹಾಗಾಗಿ ಕಲಿತೆ. ಮೇ ಕೊನೆಯ ಭಾನುವಾರ ಮೇಣದ ಬತ್ತಿ ಹಿಡಿದು ಜಿಪ್ಪಿಗೆ, ಹೊಲಿಗೆಗೆಲ್ಲ ಉಜ್ಜುತ್ತೇನೆ. ಟಿಚ್ ಬಟನ್‌ಗಳಿಗೆ ಒಂದೊಂದು ತೊಟ್ಟು ಕೊಬ್ಬರಿ ಎಣ್ಣೆ. ಒದ್ದೆ ಟಾಪನ್ನು ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು, ಅದಕ್ಕೆ ಬಚ್ಚಲುಮನೆ ಒಲೆಯ ಮೇಲೆ ಗಳ ಕಟ್ಟಿ ಹರವುತ್ತೇನೆ. ಸ್ನಾನಕ್ಕೆ ಹೋದವರೆಲ್ಲ ರೆಕ್ಸಿನ್ ವಾಸನೆ ಹೊತ್ತು ಬರುತ್ತಾರೆ. ಒಳಗೆ ನೀರು ನಿಂತರೆ ನೆಲದ ರಬ್ಬರ್ ಬಿರಡೆ ಎಳೆದರಾಯಿತು, ಗುಳುಗುಳು ಅಂತ ಇಳಿದುಹೋಗುತ್ತದೆ. ಕಾರ್ಪೆಟ್ ಹಾಸಿದ ಕಾರಿನವರಿಗೆ ಈ ಸುಖ ಇಲ್ಲ.

ಹಿಂದೆ ಅಡಿಯಲ್ಲಿರುವ ಕಾನ್ವಾಯ್ ಲೈಟನ್ನು ತೆಗೆಸಿಲ್ಲ. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಅನ್ನುವ ಬಿಳಿ ಬಳಿದ ಗೇರಿನ ಉಂಡೆ ಮೇಲೆ ಮಾತ್ರ ಅದರ ಬೆಳಕು ಬೀಳುತ್ತದೆ. ರಾತ್ರಿ ಸೇನೆಯ ಗಾಡಿಗಳು ಹೆಡ್‌ಲೈಟ್ ಆರಿಸಿ ಸಾಲಾಗಿ ಸಾಗುವಾಗ ಹಿಂದಿನ ಗಾಡಿಯವರು ಆ ಬಿಳಿ ಉಂಡೆಯನ್ನೇ ನೋಡಿಕೊಂಡು ಬರಲಿ ಅಂತ. ತೋಟದಲ್ಲಿ ಅದರಿಂದ ಕವಡೆ ಕಾಸಿನ ಉಪಯೋಗವಿಲ್ಲ. ಮಕ್ಕಳು ಬಂದಾಗ ಹಾಕಿ ತೋರಿಸುತ್ತೇನೆ.

ಇನ್ನು ಫೆಬ್ರವರಿ. ಮಳೆ ಇಲ್ಲ, ಟಾಪು ಪೂರ್ತಿ ಬಿಚ್ಚಿ ಕೊಟ್ಟಿಗೆಗೆ. ಮೆಣಸು ಕುಯ್ಯುವ ಕಾಲ. ಅಮ್ಮನಿಗೆ 78, ತೋಟದ ಏರು ಹತ್ತಲಾಗುವುದಿಲ್ಲ. ಮುಂದಿನ ಸೀಟಿಗೆ ಕೂರಿಸಿ ಲೋ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಸುತ್ತಿಸುತ್ತೇನೆ. ಮೇಲೆ ಏನೂ ಅಡ್ಡವಿಲ್ಲದ್ದರಿಂದ ಅವರು ಸಿಲ್ವರ್ ಮರದ ತುದಿಯವರೆಗೆ ಬಳ್ಳಿ ನೋಡುತ್ತಾರೆ. "ನಿಲ್ಸು, ಅಲ್ಲಿ ಕೆಂಪಾಗಿದೆ ನೋಡು. ಈ ಮರಕ್ಕೆ ನಾಳೆನೇ ಏಣಿ ಹಾಕ್ಸು." ಯಾವ ಹಾರ್ಡ್‌ಟಾಪಿನಲ್ಲೂ ಇದು ಆಗುತ್ತಿರಲಿಲ್ಲ. ತಗಡು ಹಾಕಿಸದೇ ಇದ್ದದ್ದಕ್ಕೆ ಮೊದಲ ಸಲ ಖುಷಿಪಟ್ಟಿದ್ದು ಆಗಲೇ.

ಮೈಲೇಜ್ ನಮ್ಮ ರಸ್ತೆಗೆ ಒಂಬತ್ತು. ದಿನಾ ಹಾಸನಕ್ಕೆ ಓಡಾಡುವವರಿಗೆ ಇದು ಬೇಡ. ನನ್ನದು ವಾರಕ್ಕೆರಡು ಸಲ ಪೇಟೆ, ಮಿಕ್ಕಿದ್ದು ಎರಡು ಕಿಲೋಮೀಟರ್ ಕೆಸರು ದಾರಿ, ಅದರಲ್ಲಿ ಒಂದು ಸಲವೂ ಹೂತು ನಿಂತಿಲ್ಲ.

ಮೂರನೇ ಟಾಪು ಈ ಮೇ ತಿಂಗಳಲ್ಲಿ ಹೊಲಿಸಿದ್ದು. ಈ ಸಲ ಜಿಪುಣತನ ಮಾಡಲಿಲ್ಲ: ದಪ್ಪ ಕ್ಯಾನ್ವಾಸು, ಜೋಡಿ ಹೊಲಿಗೆ, ಮುಂದಿನ ಅಂಚಿಗೆ ಹೊಸ ಬೀಡಿಂಗು. ಪಕ್ಕದ ಸೀಟು ಒಣಗೇ ಇದೆ, ಕೊಡೆ ಮನೆಯಲ್ಲೇ ಉಳಿಯಿತು. ನನ್ನ ಬಲ ಮೊಣಕಾಲಿಗೆ ಮಾತ್ರ ಹನಿ ಈಗಲೂ ಬೀಳುತ್ತಿದೆ.