ಡಾಯ್ಚ್‌ಲ್ಯಾಂಡ್ ಟಿಕೆಟ್‌ನಲ್ಲಿ ಬರ್ಲಿನ್‌ನಿಂದ ವಾರ್ನೆಮುಂಡೆ: ಹೋಗುವುದು ಸಲೀಸು, ಭಾನುವಾರ ಸಂಜೆ ವಾಪಸ್ ಬರುವುದೇ ಕಷ್ಟ

ಬರ್ಲಿನ್‌ನಲ್ಲಿ ಓದುವವರು ವಾರಾಂತ್ಯಕ್ಕೆ ಸಮುದ್ರ ನೋಡಬೇಕೆಂದರೆ ಮೊದಲು ನೆನಪಾಗುವುದು ವಾರ್ನೆಮುಂಡೆ. ರೋಸ್ಟಾಕ್ ನಗರಕ್ಕೆ ಸೇರಿದ, ಬಾಲ್ಟಿಕ್ ಸಮುದ್ರದ ದಡದ ಊರು ಅದು. ಜರ್ಮನಿಯ ಲೋಕಲ್ ರೈಲು, ಬಸ್ಸುಗಳಲ್ಲೆಲ್ಲ ನಡೆಯುವ ತಿಂಗಳ ಪಾಸ್ ಡಾಯ್ಚ್‌ಲ್ಯಾಂಡ್ ಟಿಕೆಟ್ ಕಿಸೆಯಲ್ಲಿದ್ದರೆ ಪ್ರಯಾಣಕ್ಕೆ ಬೇರೆ ಖರ್ಚಿಲ್ಲ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ ಈ ಟಿಕೆಟ್ 2025ಕ್ಕೆ 58 ಆಯಿತು, 2026ರಿಂದ 63. ಸರ್ಕಾರಿ ವಿಶ್ವವಿದ್ಯಾಲಯಗಳ ಬಹುಪಾಲು ವಿದ್ಯಾರ್ಥಿಗಳಿಗೆ ಇದರ ಶೇ. 60ರಷ್ಟು ಬೆಲೆಗೆ ಸೆಮಿಸ್ಟರ್ ಟಿಕೆಟ್ ಸಿಗುತ್ತದೆ, ಹಣ ಸೆಮಿಸ್ಟರ್ ಶುಲ್ಕದ ಜೊತೆಗೇ ಕಟ್ಟಿಹೋಗಿರುತ್ತದೆ. ಖಾಸಗಿ ಕಾಲೇಜು ಸೇರಿದವರಲ್ಲಿ ಅನೇಕರಿಗೆ ಈ ರಿಯಾಯಿತಿ ಇಲ್ಲ. ಅವರು ಪೂರ್ತಿ ಬೆಲೆಯ ಮಾಸಿಕ ಚಂದಾ ಹಾಕಿಸಿಕೊಳ್ಳಬೇಕು. ಬೇಸಿಗೆಯ ಒಂದು ತಿಂಗಳಿಗಷ್ಟೇ ಸಾಕು ಎನ್ನುವವರು ಆ ತಿಂಗಳ 10ನೇ ತಾರೀಖಿನೊಳಗೆ ಚಂದಾ ರದ್ದು ಮಾಡಿಬಿಡಬೇಕು, ಮರೆತರೆ ಮುಂದಿನ ತಿಂಗಳದ್ದೂ ಖಾತೆಯಿಂದ ಹೋಗುತ್ತದೆ.

ಹೋಗುವಾಗ ಹಿಡಿಯಬೇಕಾದದ್ದು ಆರ್‌ಇ 5 ಎಂಬ ಲೋಕಲ್ ರೈಲು. ರೋಸ್ಟಾಕ್‌ಗೆ ಹತ್ತಿರ ಹತ್ತಿರ ಮೂರು ತಾಸು ಹಿಡಿಯುತ್ತದೆ. ಅಲ್ಲಿ ಇಳಿದು ಎಸ್-ಬಾನ್ ಎಂಬ ಉಪನಗರ ರೈಲು ಹತ್ತಿದರೆ ಇಪ್ಪತ್ತು ನಿಮಿಷ ಚಿಲ್ಲರೆಯಲ್ಲಿ ವಾರ್ನೆಮುಂಡೆ. ಸ್ಟೇಷನ್ನಿನಿಂದ ಮರಳಿಗೆ ನಡೆದೇ ಹೋಗಬಹುದು. ಜುಲೈ, ಆಗಸ್ಟ್ ಶನಿವಾರ ಬೆಳಿಗ್ಗೆ ಸೈಕಲ್, ತಳ್ಳುಗಾಡಿ, ಟೆಂಟು ಸಮೇತ ಅರ್ಧ ಬರ್ಲಿನ್ನೇ ಈ ರೈಲಿನಲ್ಲಿರುತ್ತದೆ. ಆರೇಳು ಜನ ಒಟ್ಟಿಗೆ ಕೂರಬೇಕೆಂದರೆ ಸೆಂಟ್ರಲ್ ಸ್ಟೇಷನ್ನಿನ ಬದಲು ಅದಕ್ಕೂ ಹಿಂದಿನ ಸ್ಯೂಡ್‌ಕ್ರೊಯ್ಟ್ಸ್‌ನಲ್ಲೇ ಹತ್ತಿಕೊಳ್ಳುವುದು ಜಾಣತನ. ಆಮೇಲೆ ಬರುವ ಗೆಸುಂಡ್‌ಬ್ರುನೆನ್‌ನಲ್ಲಿ ಹತ್ತುವವರಿಗೆ ನಿಲ್ಲುವ ಜಾಗ ಸಿಕ್ಕರೆ ಪುಣ್ಯ.

ಎಡವುವುದು ಎರಡು ಕಡೆ. ಆರ್‌ಇ 5 ಎಂದು ಬರೆದ ರೈಲೆಲ್ಲ ರೋಸ್ಟಾಕ್‌ಗೆ ಹೋಗುವುದಿಲ್ಲ, ಕೆಲವು ಶ್ಟ್ರಾಲ್‌ಸುಂಡ್‌ಗೆ ಹೋಗುತ್ತವೆ. ಬೋರ್ಡಿನಲ್ಲಿ ಕೊನೆಯ ಊರಿನ ಹೆಸರು ನೋಡಿಯೇ ಹತ್ತಿ. ತಪ್ಪಿ ಹತ್ತಿದ್ದರೆ ನೊಯ್‌ಸ್ಟ್ರೆಲಿಟ್ಸ್‌ನಲ್ಲಿ ಇಳಿದುಬಿಡಿ, ಅದರಾಚೆಗೆ ದಾರಿ ಕವಲೊಡೆಯುತ್ತದೆ. ಇನ್ನೊಂದು, ಇದೇ ಮಾರ್ಗದಲ್ಲಿ ಓಡುವ ಐಸಿ ಎಂಬ ದೂರಪ್ರಯಾಣದ ರೈಲು. ಅದಕ್ಕೂ ಎರಡು ಅಂತಸ್ತು, ಅದರ ಮೇಲೂ ರೋಸ್ಟಾಕ್ ಎಂದೇ ಬರೆದಿರುತ್ತದೆ. ಆದರೆ ಐಸಿಯಲ್ಲೂ ಅದಕ್ಕಿಂತ ವೇಗದ ಐಸಿಇಯಲ್ಲೂ ಡಾಯ್ಚ್‌ಲ್ಯಾಂಡ್ ಟಿಕೆಟ್ ನಡೆಯುವುದಿಲ್ಲ. ಲೋಕಲ್ ರೈಲಿನ ಮೈ ಕೆಂಪು, ಐಸಿಯದು ಕೆಂಪು ಪಟ್ಟೆಯ ಬಿಳಿ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಈ ಟಿಕೆಟ್ಟಿಗೆ ಸಲ್ಲುವ ರೈಲುಗಳನ್ನಷ್ಟೇ ತೋರಿಸುವ ಆಯ್ಕೆಯಿದೆ, ಅದನ್ನು ಒತ್ತಿಟ್ಟರೆ ಈ ಗೊಂದಲ ಬಹುಪಾಲು ತಪ್ಪುತ್ತದೆ.

ಟಿಕೆಟ್ ವೈಯಕ್ತಿಕ. ಪಾಸ್‌ಪೋರ್ಟೋ ರೆಸಿಡೆನ್ಸ್ ಕಾರ್ಡೋ ಜೊತೆಗಿರಬೇಕು, ಗೆಳೆಯನ ಟಿಕೆಟ್ ಇಸಕೊಂಡು ಹೋಗುವಂತಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60 ಯೂರೋ. ಟಿಕೆಟ್ ಇದ್ದೂ ಫೋನಿನ ಚಾರ್ಜ್ ಮುಗಿದು ತೋರಿಸಲಾಗದಿದ್ದರೆ ಚೀಟಿ ಬರೆಸಿಕೊಂಡು, ಆಮೇಲೆ ಟಿಕೆಟ್ ತೋರಿಸಿದರೆ 7 ಯೂರೋಗೆ ಇಳಿಯುತ್ತದೆ. ಇಡೀ ದಿನ ಬಿಸಿಲಲ್ಲಿ ಫೋಟೊ ತೆಗೆದು ಫೋನ್ ಸಾಯುವುದು ಸರಿಯಾಗಿ ವಾಪಸಾಗುವ ಹೊತ್ತಿಗೇ, ಆದ್ದರಿಂದ ಗುಂಪಿಗೊಂದು ಪವರ್ ಬ್ಯಾಂಕ್ ಇರಲಿ. ಊರಿಂದ ಬಂದ ಅಣ್ಣನನ್ನೋ ಸ್ನೇಹಿತೆಯನ್ನೋ ಕರೆದುಕೊಂಡು ಹೋಗುವುದಿದ್ದರೆ ಅವರಿಗೆ ಕ್ವೆರ್-ಡುರ್ಕ್ಸ್-ಲಾಂಟ್ ಎಂಬ ದಿನದ ಟಿಕೆಟ್ ಕೊಳ್ಳಿ. ಒಂದರಲ್ಲಿ ಐದು ಜನರವರೆಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ನಡೆಯುತ್ತದೆ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ.

ಈಗ ವಾಪಸ್ ಬರುವ ಮಾತು. ಈ ಟಿಕೆಟ್ಟಿನ ನಿಜವಾದ ಕೊರತೆ ಇರುವುದು ಇಲ್ಲಿಯೇ. ಮಾಮೂಲಿ ಟಿಕೆಟ್ ತೆಗೆದವರಿಗೆ ಗುರಿ ತಲುಪುವುದು 20 ನಿಮಿಷಕ್ಕಿಂತ ತಡವಾಗುವಂತಿದ್ದರೆ ಐಸಿ ಹತ್ತಿ, ಆ ಖರ್ಚನ್ನು ಆಮೇಲೆ ವಾಪಸ್ ಕೇಳುವ ಹಕ್ಕಿದೆ. ಡಾಯ್ಚ್‌ಲ್ಯಾಂಡ್ ಟಿಕೆಟ್ಟಿಗೂ ಕ್ವೆರ್-ಡುರ್ಕ್ಸ್-ಲಾಂಟ್‌ಗೂ ಆ ಹಕ್ಕಿಲ್ಲ. ಒಂದು ತಾಸಿಗಿಂತ ಹೆಚ್ಚು ತಡವಾದರೆ ಪರಿಹಾರ ಎಂದು ಒಂದೂವರೆ ಯೂರೋ ಕೊಡುತ್ತಾರೆ. ಅದೂ ಒಟ್ಟು ಮೊತ್ತ 4 ಯೂರೋ ಮುಟ್ಟಿದರೆ ಮಾತ್ರ ಕೈಗೆ ಬರುತ್ತದೆ! ಅಂದರೆ ಭಾನುವಾರ ಸಂಜೆಯ ಆರ್‌ಇ 5 ರದ್ದಾದರೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಖಾಲಿ ಐಸಿ ನಿಂತಿದ್ದರೂ ನೀವು ಮುಂದಿನ ಲೋಕಲ್ ರೈಲಿಗೇ ಕಾಯಬೇಕು, ಅದು ಎರಡು ತಾಸಿನ ನಂತರ ಇದ್ದರೂ. ಮಾರ್ಗದಲ್ಲಿ ಕಾಮಗಾರಿ ನಡೆಯುವಾಗ ರೈಲಿನ ಬದಲು ಬಸ್ ಓಡಿಸುತ್ತಾರೆ, ಆ್ಯಪ್‌ನಲ್ಲಿ ಎಸ್‌ಇವಿ ಎಂದು ಕಾಣುತ್ತದೆ. ಆ ಮೂರಕ್ಷರ ಕಂಡ ವಾರಾಂತ್ಯ ಪ್ರವಾಸವನ್ನೇ ಮುಂದೂಡುವುದು ಉತ್ತಮ.

ಭಾನುವಾರ ಸಂಜೆ ನಾಲ್ಕರಿಂದ ಏಳರ ನಡುವೆ ಎಲ್ಲರೂ ಹೊರಡುತ್ತಾರೆ. ಒಂದೋ ಮಧ್ಯಾಹ್ನ ಎರಡರ ಸುಮಾರಿಗೇ ಮರಳು ಕೊಡವಿಕೊಂಡು ಏಳಬೇಕು, ಇಲ್ಲ ಊಟ ಮುಗಿಸಿ ಕೊನೆಯದಕ್ಕಿಂತ ಒಂದು ಮೊದಲಿನ ರೈಲು ಹಿಡಿಯಬೇಕು. ಕೊನೆಯ ರೈಲನ್ನೇ ನಂಬಿಕೊಂಡು ಕೂರಬೇಡಿ. ಸೋಮವಾರ ಬೆಳಿಗ್ಗೆ ಪರೀಕ್ಷೆಯೋ ಪಾರ್ಟ್‌ಟೈಮ್ ಪಾಳಿಯೋ ಇರುವವರು ವಾಪಸ್ ಪ್ರಯಾಣಕ್ಕೆ ಮಾತ್ರ ಐಸಿಯ ಸೂಪರ್ ಶ್ಪಾರ್‌ಪ್ರೈಸ್ ಎಂಬ ಅಗ್ಗದ ಟಿಕೆಟ್ ಮುಂಚೆಯೇ ತೆಗೆದಿಡಲಿ. ಬರೆದಿರುವ ರೈಲಿನಲ್ಲೇ ಹೋಗಬೇಕು ಎಂಬುದು ಅದರ ಷರತ್ತು. ಗುಂಪು ಒಡೆಯುತ್ತದೆ, ನಿಜ, ಆದರೂ ಇದೇ ನಮ್ಮ ಸಲಹೆ.

ಇನ್ನು ಬೀಚು. ಮರಳು ಬಿಳಿ, ನುಣುಪು, ಅಗಲವಂತೂ ಧಾರಾಳ. ಮಲ್ಪೆ, ಗೋಕರ್ಣ ನೋಡಿದವರಿಗೆ ಅಲೆ ಸಪ್ಪೆ ಎನಿಸುತ್ತದೆ, ನೀರೂ ಸಪ್ಪೆಯೇ: ನದಿಗಳ ಸಿಹಿನೀರು ಸೇರಿ ಬಾಲ್ಟಿಕ್‌ನಲ್ಲಿ ಉಪ್ಪು ನಮ್ಮ ಅರಬ್ಬೀ ಸಮುದ್ರದ ಅರ್ಧಕ್ಕಿಂತ ಕಡಿಮೆ. ಉಬ್ಬರವಿಳಿತ ಇಲ್ಲವೆನ್ನುವಷ್ಟು ಸಣ್ಣದು, ಹಾಗಾಗಿ ಯಾವ ಹೊತ್ತಿಗೆ ಹೋದರೂ ನೀರು ಅಲ್ಲೇ ಇರುತ್ತದೆ. ಆದರೆ ತಣ್ಣಗಿರುತ್ತದೆ. ಆಗಸ್ಟಿನಲ್ಲೂ 18ರಿಂದ 20 ಡಿಗ್ರಿ ಇದ್ದರೆ ಒಳ್ಳೆಯ ದಿನ. ನೆಲದಿಂದ ಸಮುದ್ರದ ಕಡೆಗೆ ಗಾಳಿ ಬೀಸುವ ದಿನ ಮೇಲಿನ ಬೆಚ್ಚನೆಯ ನೀರು ಆಚೆ ತಳ್ಳಿಹೋಗಿ ಅಡಿಯ ತಣ್ಣೀರು ಮೇಲೆ ಬರುತ್ತದೆ. ಅಂಥ ದಿನ ಅಲೆಯೇ ಇಲ್ಲದೆ ಕೆರೆಯಂತೆ ಕಂಡರೂ ಗಾಳಿ ತುಂಬಿದ ಟ್ಯೂಬು, ಹಾಸಿಗೆ ನೀರಿಗಿಳಿಸಬೇಡಿ. ಅವು ದೂರ ತೇಲಿಹೋಗುವುದು ಗೊತ್ತೇ ಆಗುವುದಿಲ್ಲ. ಕೆಂಪು-ಹಳದಿ ಬಾವುಟ ಹಾರುತ್ತಿದ್ದರೆ ಕಾವಲಿದೆ ಎಂದರ್ಥ. ಜೊತೆಗೆ ಹಳದಿಯೂ ಏರಿದ್ದರೆ ಈಜು ಬಾರದವರು ಇಳಿಯಬಾರದು. ಕೆಂಪು ಮಾತ್ರ ಇದ್ದರೆ ಯಾರೂ ಇಳಿಯುವಂತಿಲ್ಲ.

ಎಫ್‌ಕೆಕೆ ಎಂದು ಫಲಕ ಇರುವ ಭಾಗದಲ್ಲಿ ಜನ ಬಟ್ಟೆಯಿಲ್ಲದೆ ಇರುತ್ತಾರೆ, ಪೂರ್ವ ಜರ್ಮನಿಯ ಕಾಲದಿಂದಲೂ ಇಲ್ಲಿ ಇದು ಮಾಮೂಲು. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ, ಅಷ್ಟೇ. ಗಾಳಿಗೆ ಮರೆಯಾಗಿ ಕೂರಲು ಶ್ಟ್ರಾಂಡ್‌ಕೋರ್ಬ್ ಎಂಬ ಬೆತ್ತದ ಗೂಡುಕುರ್ಚಿ ಬಾಡಿಗೆಗೆ ಸಿಗುತ್ತದೆ. 1882ರಲ್ಲಿ ರೋಸ್ಟಾಕ್‌ನ ಬುಟ್ಟಿ ಹೆಣೆಯುವ ವಿಲ್‌ಹೆಲ್ಮ್ ಬಾರ್ಟೆಲ್‌ಮನ್ ಮಾಡಿದ ಕುರ್ಚಿಯಿಂದ ಬಂದದ್ದು ಇದು. ಒಂದರಲ್ಲಿ ಇಬ್ಬರೇ ಕೂರುವುದು, ಗುಂಪಿಗೆ ದುಡ್ಡು ದಂಡ. ಎರಡು ಹಳೆಯ ಬೆಡ್‌ಶೀಟ್, ಒಂದು ಗಾಳಿತಡೆ ಬಟ್ಟೆ ಸಾಕು.

ಊಟಕ್ಕೆ ಹಳೆ ಕಾಲುವೆ ಆಲ್ಟರ್ ಶ್ಟ್ರೋಮ್ ಉದ್ದಕ್ಕೂ ದೋಣಿಗಳಲ್ಲೇ ಮೀನಿನ ಬನ್ ಮಾರುತ್ತಾರೆ. ಬಿಸ್ಮಾರ್ಕ್, ಮಾಟ್ಯೆಸ್ ಎಂದರೆ ಬೇಯಿಸದೆ ಹುಳಿಯಲ್ಲೋ ಉಪ್ಪಿನಲ್ಲೋ ಹಾಕಿಟ್ಟ ಹೆರಿಂಗ್ ಮೀನು. ಕರಿದದ್ದು ಬೇಕಿದ್ದರೆ ಬಾಕ್‌ಫಿಶ್ ಎಂದು ಕೇಳಿ. ತಿನ್ನುವಾಗ ತಲೆಯ ಮೇಲೊಂದು ಕಣ್ಣಿರಲಿ, ಕಡಲಹಕ್ಕಿ ಹಿಂದಿನಿಂದ ಬಂದು ಬನ್ನನ್ನೇ ಎತ್ತಿಕೊಂಡು ಹೋಗುತ್ತದೆ. ಸಸ್ಯಾಹಾರಿಗಳಿಗೆ ಆಲೂ ಫ್ರೈಸ್ ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಮರುದಿನಕ್ಕೂ ಕೆಡುವುದಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯದೆ ಅಂಗಡಿಗೆ ಮರಳಿಸಿದರೆ ಒಂದಕ್ಕೆ 25 ಸೆಂಟ್ ವಾಪಸ್ ಸಿಗುತ್ತದೆ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಂಡಿರಿ.

ರಾತ್ರಿ ಉಳಿಯುವುದಾದರೆ ವಾರ್ನೆಮುಂಡೆಯ ಯೂತ್ ಹಾಸ್ಟೆಲ್‌ಗೆ ಸದಸ್ಯತ್ವ ಬೇಕು, 27 ತುಂಬದವರಿಗೆ ಅದು ಅಗ್ಗ. ಬೇಸಿಗೆಯ ಶನಿವಾರಕ್ಕೆ ಬಹಳ ಮೊದಲೇ ಬುಕ್ ಮಾಡಬೇಕು. ಸಿಗದಿದ್ದರೆ ರೋಸ್ಟಾಕ್ ಊರೊಳಗೆ ಹುಡುಕಿ, ಎಸ್-ಬಾನ್ ಹೇಗೂ ಇದೇ ಟಿಕೆಟ್‌ನಲ್ಲಿ ನಡೆಯುತ್ತದೆ.