ಐದರ ಮೇಲಿನ ಚುಕ್ಕೆ: ಒಂದು ಮೆಡಿಕಲ್ ಶಾಪಿನ ವಿಮರ್ಶೆ

ಎಂಟು ವರ್ಷದಿಂದ ನನ್ನ ಮಾತ್ರೆಗಳೆಲ್ಲ ಒಂದೇ ಮೆಡಿಕಲ್ ಶಾಪಿನಿಂದ. ಹೆಸರು ಹೇಳುವುದಿಲ್ಲ, ಅಲ್ಲಿನವರು ಕೆಟ್ಟವರಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಲೈಟು ಹಾಕಿದೆಯೋ ಆರಿದೆಯೋ ಅನ್ನುವಷ್ಟು ಗೊತ್ತಾಗುತ್ತದೆ, ಅಷ್ಟೇ. ಅಂಗಡಿಯನ್ನು ಇತ್ತೀಚೆಗೆ ಹೊಸದು ಮಾಡಿದ್ದಾರೆ. ಆ ಹೊಸದರ ಬಗ್ಗೆಯೇ ಈ ವಿಮರ್ಶೆ.

ಮೊದಲು ಕಾರ್ಡ್ ಮಷಿನ್. ಹಳೆಯದಕ್ಕೆ ಬಟನ್‌ಗಳಿದ್ದವು. ಐದರ ಮೇಲೆ ಒಂದು ಸಣ್ಣ ಚುಕ್ಕೆ ಉಬ್ಬಿಕೊಂಡಿರುತ್ತದಲ್ಲ, ಕಣ್ಣಿದ್ದವರು ಅದನ್ನು ಗಮನಿಸಿಯೇ ಇರಲಿಕ್ಕಿಲ್ಲ. ನಡುಬೆರಳನ್ನು ಅದರ ಮೇಲಿಟ್ಟರೆ ಮಿಕ್ಕ ಅಂಕಿಗಳು ತಾವಾಗಿಯೇ ಕೈಗೆ ಸಿಗುತ್ತವೆ. ಪಿನ್ ಒತ್ತಲು ನನಗೆ ಮೂರು ಸೆಕೆಂಡು ಸಾಕಿತ್ತು. ಹೊಸ ಮಷಿನ್ ಪೂರ್ತಿ ಗಾಜು. ಬೆರಳಾಡಿಸಿದರೆ ತೊಳೆದಿಟ್ಟ ತಟ್ಟೆ ಸವರಿದ ಹಾಗೆ, ಎಲ್ಲೂ ಏನೂ ಇಲ್ಲ. ಆಡಿಸಿದ ತಪ್ಪಿಗೆ ಎರಡು ಅಂಕಿ ಬಿದ್ದೂ ಹೋಗಿರುತ್ತವೆ. ಅವತ್ತು ಎರಡು ಸಲ ತಪ್ಪಿತು. ಮೂರನೆಯದೂ ತಪ್ಪಿದರೆ ಕಾರ್ಡ್ ಲಾಕ್. ಕೌಂಟರಿನ ಹುಡುಗ, ಪಾಪ, ಮೆತ್ತಗೆ ಅಂದ: "ಪಿನ್ ಹೇಳಿ ಮೇಡಂ, ನಾನೇ ಒತ್ತಿಬಿಡ್ತೀನಿ." ನನ್ನ ಬೆನ್ನಿಗೆ ನಾಲ್ಕು ಜನರ ಸಾಲು. ಪಿನ್ ಯಾರಿಗೂ ಹೇಳಬೇಡಿ ಎಂದು ಪದೇ ಪದೇ ಮೆಸೇಜು ಕಳಿಸುವುದೂ ಬ್ಯಾಂಕೇ, ಈ ಮಷಿನ್ ಕೊಟ್ಟಿರುವುದೂ ಬ್ಯಾಂಕೇ.

ಹೇಳಲಿಲ್ಲ. ಪರ್ಸಿನಲ್ಲಿದ್ದ ನಗದು ಸಾಲದೆ ಒಂದು ಸ್ಟ್ರಿಪ್ ವಾಪಸ್ ಕೊಟ್ಟು ಬಂದೆ.

ಇದು ನನ್ನೊಬ್ಬಳ ಗೋಳಲ್ಲ. ಆಸ್ಟ್ರೇಲಿಯಾದಲ್ಲಿ ಗ್ರೇಮ್ ಇನ್ನಿಸ್ ಎಂಬ ಕಣ್ಣು ಕಾಣದ ವಕೀಲರು ಇಂಥದೇ ಗಾಜಿನ ಮಷಿನ್ ವಿಷಯಕ್ಕೆ 2018ರಲ್ಲಿ ಒಂದು ದೊಡ್ಡ ಬ್ಯಾಂಕನ್ನು ಕೋರ್ಟಿಗೆ ಎಳೆದರು, 2019ರಲ್ಲಿ ರಾಜಿಯಾಯಿತು. ಕಣ್ಣು ಕಾಣದವರಿಗೆಂದೇ ಬೇರೆ ಮೋಡ್ ಇರುವ ಮಷಿನ್‌ಗಳೂ ಇವೆ. ನಮ್ಮ ಅಂಗಡಿಯದರಲ್ಲಿ ಇದೆಯಾ ಅಂತ ಕೇಳಿದೆ. "ಮೋಡ್ ಅಂದ್ರೆ?" ಅಂದರು.

"ಫೋನಿನಲ್ಲೇ ಆರ್ಡರ್ ಮಾಡಿಬಿಡಿ ಮೇಡಂ, ಇಷ್ಟು ದೂರ ಬರೋ ತಾಪತ್ರಯ ಯಾಕೆ" ಎಂದು ಮಾಲೀಕರ ಸಲಹೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಅವರ ಆ್ಯಪ್ ತೆರೆದೆ. "ಅನ್‌ಲೇಬಲ್ಡ್, ಬಟನ್. ಅನ್‌ಲೇಬಲ್ಡ್, ಬಟನ್." ಅಂದರೆ ಹೆಸರಿಲ್ಲದ ಬಟನ್. ಇಂಥವು ಏಳು. ಅದರಲ್ಲಿ ಒಂದು ಹುಡುಕುವುದು, ಒಂದು ಕಾರ್ಟ್, ಒಂದು ಅಳಿಸುವುದು. ಅಳಿಸುವುದು ಯಾವುದೆಂದು ನನಗೆ ತಿಳಿದದ್ದು ಇಡೀ ಪಟ್ಟಿ ಮಾಯವಾದ ಮೇಲೆ. ಚಿತ್ರಕ್ಕೆ ಅಕ್ಷರದಲ್ಲಿ ಹೆಸರು ಕೊಡಿ ಅನ್ನುವುದು 1999ರಲ್ಲಿ ಬಂದ ವೆಬ್ ಮಾರ್ಗಸೂಚಿಯ ಮೊಟ್ಟಮೊದಲ ಅಂಶ. ಆ್ಯಪ್ ಬರೆಯುವವರಿಗೆ ಬಟನ್ನಿಗೆ ಒಂದು ಸಾಲಿನ ಕೆಲಸ. ರೇಟಿಂಗಿನ ಐದು ನಕ್ಷತ್ರಗಳೂ ಅನ್‌ಲೇಬಲ್ಡೇ. ಎಷ್ಟು ಕೊಟ್ಟೆನೋ ನನಗೇ ತಿಳಿಯದು.

ಟೋಕನ್ ಬೋರ್ಡು ಮಾತಾಡುವುದಿಲ್ಲ, ನಂಬರ್ ಬದಲಾದಾಗ ಟಿಂಗ್ ಅನ್ನುತ್ತದೆ. ಯಾರ ಟಿಂಗ್ ಅಂತ ಪಕ್ಕದವರನ್ನು ಕೇಳಬೇಕು.

ಈಗ ಒಳ್ಳೆಯದು. ನನ್ನ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಎರಡರ ಸ್ಟ್ರಿಪ್ಪೂ ಕೈಗೆ ಒಂದೇ. ಯುರೋಪ್ ಒಕ್ಕೂಟದಲ್ಲಿ ಔಷಧಿಯ ಪೆಟ್ಟಿಗೆಯ ಮೇಲೆ ಬ್ರೈಲ್‌ನಲ್ಲಿ ಹೆಸರಿರಬೇಕೆಂದು 2004ರಲ್ಲೇ ಕಾನೂನು ಬಂದಿದೆ. ನನಗೆ ಸಿಗುವ ಪೆಟ್ಟಿಗೆಗಳು ನುಣ್ಣಗಿವೆ. ಒಂದು ದಿನ ಅದೇ ಕೌಂಟರಿನ ಹುಡುಗ "ಬೆಳಿಗ್ಗೆದು ಯಾವುದು ಮೇಡಂ?" ಎಂದು ಕೇಳಿ, ಥೈರಾಯ್ಡ್ ಸ್ಟ್ರಿಪ್ಪಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟ. ಯಾರೂ ಹೇಳಿಕೊಟ್ಟದ್ದಲ್ಲ. ಅವತ್ತಿನಿಂದ ಬೆಳಿಗ್ಗೆ ಬ್ಯಾಂಡ್ ಇದ್ದದ್ದು, ರಾತ್ರಿ ಇಲ್ಲದ್ದು. ಅವನು ರಜೆಯಲ್ಲಿದ್ದಾಗ ಬಂದ ಇನ್ನೊಬ್ಬ ಹುಡುಗ ಭಕ್ತಿಯಿಂದ ಎರಡಕ್ಕೂ ಸುತ್ತಿಕೊಟ್ಟಿದ್ದ. ಮನೆಗೆ ಬಂದು ಫೋನ್ ಕ್ಯಾಮೆರಾದಿಂದ ಹೆಸರು ಓದಿಸಲು ಹೋದರೆ ಫಾಯಿಲ್ ಹೊಳಪಿಗೆ ಅದೂ ತೊದಲಿತು. ಕಡೆಗೆ ಅಂಗಡಿಗೇ ಫೋನ್ ಮಾಡಿ, ಒಂದೊಂದರಲ್ಲಿ ಎಷ್ಟು ಮಾತ್ರೆ ಎಂದು ಎಣಿಸಿ ಗುರುತು ಹಿಡಿದದ್ದಾಯಿತು.

ಹಳೆ ಮಷಿನ್ ಎಸೆದಿಲ್ಲವಂತೆ, ಡ್ರಾಯರಿನಲ್ಲೇ ಇದೆಯಂತೆ. ಕೇಳಿದರೆ ತೆಗೆದುಕೊಡುತ್ತೇನೆ ಎಂದು ರಬ್ಬರ್ ಬ್ಯಾಂಡಿನ ಹುಡುಗ ಹೇಳಿದ್ದಾನೆ. ಮುಂದಿನ ಸಲ ಹೊರಡುವ ಮೊದಲೇ ಫೋನ್ ಮಾಡಿ ಚಾರ್ಜಿಗೆ ಹಾಕಿಸಬೇಕು.