ಹೆಡ್‌ನಲ್ಲಿ ಬಿರುಕಾ, ಬೆಂಡಾ? ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ಇಂಜಿನ್ ಬಿಸಿಯಾಗಿ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಬಿಚ್ಚಿದರೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು ಇದು: "ಫೇಸಿಂಗ್ ಮಾಡಿಸಿಬಿಡಿ ಸಾರ್, ಸರಿ ಹೋಗುತ್ತೆ." ಫೇಸಿಂಗ್ ಅಂದರೆ ಹೆಡ್‌ನ ತಳ ಕೆತ್ತಿ ಸಪಾಟು ಮಾಡುವುದು. ಹೆಡ್ ಲೇತ್ ಅಂಗಡಿಗೆ ಹೋಗುತ್ತದೆ, ತಳ ಫಳಫಳ ಹೊಳೆಯುತ್ತಾ ವಾಪಸ್ ಬರುತ್ತದೆ. ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸುತ್ತಾರೆ. ಬಿರುಕು ಇದೆಯಾ ಅಂತ ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ನಮ್ಮ ಮನೆಯ ಹಳೆಯ ಮಾರುತಿ 800ಕ್ಕೂ ಹೀಗೇ ಆಯಿತು. ಹೆಡ್ ಸಪಾಟಾಗಿತ್ತು, ಗ್ಯಾಸ್ಕೆಟ್ ಹೊಸದು, ಆದರೂ ರೇಡಿಯೇಟರ್ ನೀರು ಇಳಿಯುತ್ತಲೇ ಇತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಹಾಗಾಗಿ ನನ್ನ ಕೈಗೆ ಸಿಕ್ಕ ಪರೀಕ್ಷೆಗಳನ್ನೆಲ್ಲ ಅದೇ ಹೆಡ್ ಮೇಲೆ ಮಾಡಿ, ಮಾಡಿಸಿ ನೋಡಿದೆ.

ಈ ತೊಂದರೆಗೆ ನಮ್ಮ ಊರಿನದೂ ಒಂದು ಪಾಲಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಮಾತ್ರ ಈ ಮಿತಿ ಮೇಲಕ್ಕೆ ಹೋಗುತ್ತದೆ. ಮುಚ್ಚಳದ ರಬ್ಬರ್ ಸತ್ತಿದ್ದರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲೇ ಕುದಿ ಬರುತ್ತದೆ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ ಇದ್ದರಂತೂ ಒಳಗೆ ಬಿಳಿ ಪದರ ಕಟ್ಟಿ ನೀರಿನ ದಾರಿ ಕಿರಿದಾಗುತ್ತದೆ.

ಮೊದಲು ಬೆಂಡ್ ವಿಷಯ. ಇದಕ್ಕೆ ಸ್ಟೀಲ್ ಸ್ಕೇಲ್, ಸ್ಟ್ರೈಟ್ ಎಡ್ಜ್ (ಅಂಚು ಪೂರ್ತಿ ನೇರ ಇರುವ ಪಟ್ಟಿ), ಸರ್ಫೇಸ್ ಪ್ಲೇಟ್ (ಮುಖ ಪೂರ್ತಿ ಸಪಾಟಾದ ಹಲಗೆ) ಮೂರನ್ನೂ ಹೋಲಿಸಿದೆ. ಸ್ಟೀಲ್ ಸ್ಕೇಲ್ ಬೇಡವೇ ಬೇಡ. ಇಂಥ ಚಿಕ್ಕ ಅಲ್ಯೂಮಿನಿಯಂ ಹೆಡ್‌ಗೆ ಸುಜುಕಿ ಹೇಳುವ ಮಿತಿ 0.05 ಮಿಲಿಮೀಟರ್. ಬರೀ ಗೆರೆ ಹಾಕಲು ಮಾಡಿದ ಸ್ಕೇಲ್‌ನ ಅಂಚೇ ಅಷ್ಟು ನೇರ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಎಸ್.ಪಿ. ರಸ್ತೆಯ ಟೂಲ್ಸ್ ಅಂಗಡಿಯಲ್ಲಿ ಗ್ರೈಂಡ್ ಮಾಡಿದ ಸ್ಟ್ರೈಟ್ ಎಡ್ಜ್ ಕೇಳಿ ತನ್ನಿ. ಜೊತೆಗೆ ಸಂದು ಅಳೆಯಲು 0.05ರ ತೆಳು ಎಲೆ ಇರುವ ಫೀಲರ್ ಗೇಜ್ ಬೇಕು. ಉದ್ದಕ್ಕೆ ಎರಡು ಅಂಚು, ಅಡ್ಡಕ್ಕೆ ಎರಡು ಅಂಚು, ಮೂಲೆಯಿಂದ ಮೂಲೆಗೆ ಎರಡು. ಹೀಗೆ ಆರು ಕಡೆ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು, ಬೆಳಕು ಸೋರುವ ಜಾಗದಲ್ಲಿ ಎಲೆ ತೂರಿಸಿ ನೋಡಬೇಕು. ಹಳೆಯ ಗ್ಯಾಸ್ಕೆಟ್‌ನ ಒಂದು ಚೂರು ಅಂಟಿದ್ದರೂ ಲೆಕ್ಕ ತಪ್ಪುತ್ತದೆ.

ಸರ್ಫೇಸ್ ಪ್ಲೇಟ್‌ಗೆ ನೀಲಿ ಬಣ್ಣ ಸವರಿ, ಹೆಡ್ಡನ್ನು ಅದರ ಮೇಲೆ ಮೆಲ್ಲಗೆ ಆಡಿಸಿದರೆ ಎಲ್ಲಿ ಉಬ್ಬು, ಎಲ್ಲಿ ತಗ್ಗು ಅಂತ ಪೂರ್ತಿ ಚಿತ್ರ ಸಿಗುತ್ತದೆ. ಚೆನ್ನಾಗಿದೆ, ಆದರೆ ತಗ್ಗು ಎಷ್ಟು ಆಳ ಅಂತ ಅದು ಹೇಳುವುದಿಲ್ಲ. ಮನೆಯಲ್ಲಿ ನೋಡುವವರಿಗೆ ಸ್ಟ್ರೈಟ್ ಎಡ್ಜ್ ಧಾರಾಳವಾಗಿ ಸಾಕು.

ತಳದ ಜೊತೆಗೆ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್ ಕೂಡ ನೋಡಿ. ಹೆಡ್ ಬಾಗಿದರೆ ಕೆಳಗಿನ ಮುಖ ಮಾತ್ರ ಬಾಗುವುದಿಲ್ಲ, ಕ್ಯಾಮ್ ಕೂರುವ ರಂಧ್ರಗಳ ಸಾಲೂ ಬಾಗುತ್ತದೆ. ತಳ ಕೆತ್ತಿ ಸಪಾಟು ಮಾಡಿದರೂ ಆ ಸಾಲು ಸೊಟ್ಟಗೇ ಉಳಿಯುತ್ತದೆ. ವಾಲ್ವ್ ಒತ್ತುವ ರಾಕರ್‌ಗಳನ್ನು ತೆಗೆದು ಕ್ಯಾಮ್‌ಶಾಫ್ಟ್ ಮಾತ್ರ ಇಟ್ಟು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ಬಿಗಿ ಅನ್ನಿಸಿದರೆ ಬರೀ ಫೇಸಿಂಗ್‌ನಿಂದ ಆ ಹೆಡ್ ಸರಿಯಾಗುವುದಿಲ್ಲ. ಫೇಸಿಂಗ್ ಜಾಸ್ತಿ ಆದಷ್ಟೂ ಕಂಪ್ರೆಷನ್ ಏರುತ್ತದೆ, ವಾಲ್ವ್ ಟೈಮಿಂಗ್ ಕೂಡ ಸ್ವಲ್ಪ ಜರುಗುತ್ತದೆ.

ಇನ್ನು ಬಿರುಕು. ಪರೀಕ್ಷೆಗಳ ನಡುವೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ.

ಎರಡನೇ ಸಲ ಬಿಚ್ಚಿಸುವ ಮೊದಲೇ ನೀಲಿ ದ್ರವದ ಪರೀಕ್ಷೆ ಮಾಡಿದೆ. ರೇಡಿಯೇಟರ್ ಬಾಯಿಗೆ ಒಂದು ನಳಿಗೆ ಕೂರಿಸಿ, ಅಲ್ಲಿನ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸುತ್ತಾರೆ. ಸಿಲಿಂಡರಿನ ಸುಟ್ಟ ಗಾಳಿ ನೀರಿಗೆ ನುಗ್ಗುತ್ತಿದ್ದರೆ ದ್ರವ ಹಳದಿಯಾಗುತ್ತದೆ. ನಮ್ಮದು ನೀಲಿಯಾಗಿಯೇ ಉಳಿಯಿತು. ಬಿಚ್ಚಿದ ಮೇಲೆ ಹೆಡ್ ತಿರುಗಿಸಿಟ್ಟು, ವಾಲ್ವ್ ಇರುವ ಗುಳಿಗಳಿಗೆ ಸೀಮೆಎಣ್ಣೆ ಹಾಕಿ ನೋಡಿದ್ದಾಯಿತು. ಒಂದು ಹನಿಯೂ ಇಳಿಯಲಿಲ್ಲ. ಇದನ್ನೇ ತೋರಿಸಿ "ಹೆಡ್ ಓಕೆ" ಅನ್ನುವವರಿದ್ದಾರೆ. ಹಾಗೆ ಅನ್ನುವುದು ಸರಿಯಲ್ಲ. ಸೀಮೆಎಣ್ಣೆ ಪರೀಕ್ಷೆ ಹೇಳುವುದು ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂತಿದೆಯಾ ಅನ್ನುವುದನ್ನು. ಬಿರುಕಿಗೂ ಅದಕ್ಕೂ ಸಂಬಂಧ ಕಡಿಮೆ.

ಆಮೇಲೆ ಕೆಂಪು ಡೈ. ಮೂರು ಡಬ್ಬಿಗಳ ಸೆಟ್: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಹೆಡ್ಡನ್ನು ಚೊಕ್ಕ ಮಾಡಿ, ಡೈ ಹೊಡೆದು, ಕಾಲು ಗಂಟೆ ಬಿಡಬೇಕು. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ, ಹೆಡ್ ಮೇಲೆ ನೇರ ಹೊಡೆಯಬೇಡಿ. ಹೊಡೆದರೆ ಬಿರುಕಿನೊಳಗೆ ಇಳಿದ ಡೈ ಕೂಡ ತೊಳೆದುಹೋಗುತ್ತದೆ. ಡೆವಲಪರ್ ತೆಳ್ಳಗೆ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಗೆರೆ ಇಲ್ಲದೆ ದುಂಡು ಚುಕ್ಕೆ ಬಂದರೆ ಅದು ಎರಕದಲ್ಲೇ ಇದ್ದ ಸಣ್ಣ ತೂತು ಆಗಿರಬಹುದು, ಗಾಬರಿ ಬೇಡ. ಎರಡು ವಾಲ್ವ್ ಸೀಟುಗಳ ನಡುವೆ ಮತ್ತು ಪ್ಲಗ್ ರಂಧ್ರದ ಸುತ್ತ ಗಮನ ಇಟ್ಟು ನೋಡಬೇಕು. ವೈರ್ ಬ್ರಷ್‌ನಲ್ಲಿ ಉಜ್ಜಿದ್ದರೆ ಮೆತ್ತನೆಯ ಅಲ್ಯೂಮಿನಿಯಂ ಸವರಿಕೊಂಡು ಬಿರುಕಿನ ಬಾಯಿ ಮುಚ್ಚಿಹೋಗಿರುತ್ತದೆ. ನಮ್ಮ ಹೆಡ್‌ನಲ್ಲಿ ಡೈ ಏನೂ ತೋರಿಸಲಿಲ್ಲ.

ತೋರಿಸಿದ್ದು ಪ್ರೆಶರ್ ಟೆಸ್ಟ್. ನೀರಿನ ದಾರಿಗಳನ್ನೆಲ್ಲ ರಬ್ಬರ್ ಮತ್ತು ಕಬ್ಬಿಣದ ಪ್ಲೇಟ್ ಇಟ್ಟು ಬಿಗಿದು, ಒಳಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತಣ್ಣೀರಿನಲ್ಲಿ ಗುಳ್ಳೆ ಏಳಲಿಲ್ಲ. ನೀರು ಕಾಯಿಸಿ, ಹೆಡ್ ಪೂರ್ತಿ ಬಿಸಿಯಾದ ಮೇಲೆ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ದಾರಿ) ಒಳಗಿನಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಅಲ್ಲಿಗೆ ಎಲ್ಲಾ ಅರ್ಥವಾಯಿತು. ಬಿರುಕು ಇದ್ದದ್ದು ಪೋರ್ಟಿನ ಗೋಡೆಯಲ್ಲಿ. ಅಲ್ಲಿಗೆ ಸಿಲಿಂಡರಿನ ಭಾರೀ ಒತ್ತಡ ತಲುಪುವುದಿಲ್ಲ, ಆದ್ದರಿಂದ ನೀಲಿ ದ್ರವ ಬಣ್ಣ ಬದಲಿಸಲಿಲ್ಲ. ಡೈ ಹೊಡೆದು ನೋಡಲು ಆ ಮೂಲೆ ಕಣ್ಣಿಗೇ ಬೀಳುವುದಿಲ್ಲ. ಬಿಸಿಯಾದಾಗ ಮಾತ್ರ ಬಾಯಿ ತೆರೆಯುವ ಬಿರುಕಿಗೆ ತಣ್ಣೀರಿನ ಪರೀಕ್ಷೆಯೂ ಸಾಲದು.

ಹಾಗಾಗಿ ಅಲ್ಯೂಮಿನಿಯಂ ಹೆಡ್‌ಗೆ ಒಂದೇ ಪರೀಕ್ಷೆಗೆ ದುಡ್ಡು ಕೊಡುವುದಾದರೆ ನಾನು ಬಿಸಿನೀರಿನ ಪ್ರೆಶರ್ ಟೆಸ್ಟಿಗೇ ಕೊಡುತ್ತೇನೆ. ಡೈ ಎರಡನೆಯದು. ನೀರಿನ ದಾರಿಯವರೆಗೆ ಇನ್ನೂ ತಲುಪದ ಬಿರುಕನ್ನು ಪ್ರೆಶರ್ ಟೆಸ್ಟ್ ಹಿಡಿಯುವುದಿಲ್ಲ, ಡೈ ಹಿಡಿಯುತ್ತದೆ. ಮ್ಯಾಗ್ನೆಟ್ ಮತ್ತು ಕಬ್ಬಿಣದ ಪುಡಿಯ ಪರೀಕ್ಷೆ ಟ್ರಾಕ್ಟರ್, ಲಾರಿಗಳ ಬೀಡು ಕಬ್ಬಿಣದ ಹೆಡ್‌ಗೆ ಒಳ್ಳೆಯದು. ಅಲ್ಯೂಮಿನಿಯಂ ಮೇಲೆ ಅದು ನಡೆಯುವುದೇ ಇಲ್ಲ.

ಕೆಲಸದ ಕ್ರಮವನ್ನು ಗ್ಯಾರೇಜಿನವರಿಗೆ ಮೊದಲೇ ಹೇಳಿಬಿಡಿ. ತೊಳೆಯುವುದು, ಪ್ರೆಶರ್ ಟೆಸ್ಟ್, ಬೆಂಡ್ ಅಳತೆ, ಕೊನೆಗೆ ಬೇಕಿದ್ದರೆ ಫೇಸಿಂಗ್. ಬಿರುಕು ಬಿಟ್ಟ ಹೆಡ್‌ಗೆ ಫೇಸಿಂಗ್ ಮಾಡಿಸಿದರೆ ಫೇಸಿಂಗ್ ಕೂಲಿ, ಗ್ಯಾಸ್ಕೆಟ್, ಬಿಚ್ಚಿ ಕೂರಿಸಿದ ಕೂಲಿ ಮೂರೂ ನೀರುಪಾಲು.

ಪೋರ್ಟಿನ ಅಷ್ಟು ಒಳಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ ಅಂದರು. 2014ರ ಜನವರಿಯಲ್ಲೇ ಮಾರುತಿ 800 ತಯಾರಿಕೆ ನಿಂತಿದೆ, ಹಾಗಾಗಿ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಹೆಡ್ ಹುಡುಕಿದೆ. ಅಲ್ಲಿಗೆ ಹೋಗುವಾಗ ಸ್ಟ್ರೈಟ್ ಎಡ್ಜ್, ಫೀಲರ್ ಗೇಜ್, ಟಾರ್ಚ್ ಜೊತೆಗಿರಲಿ. ಬೆಂಡ್ ಅಲ್ಲೇ ಗೊತ್ತಾಗುತ್ತದೆ. ಬಿರುಕು ಅಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ, "ಪ್ರೆಶರ್ ಟೆಸ್ಟಿನಲ್ಲಿ ಗುಳ್ಳೆ ಬಂದರೆ ವಾಪಸ್ ತಗೋಬೇಕು ಅಣ್ಣ" ಅಂತ ದುಡ್ಡು ಕೊಡುವ ಮೊದಲೇ ಮಾತಾಡಿಕೊಂಡು, ಬಿಲ್ ಮೇಲೆ ಬರೆಸಿಕೊಳ್ಳಿ.